ಸಿಲಿಂಡರ್ ಹೊರುವ ಮುನ್ನ

2019ರ ಫೆಬ್ರುವರಿ 23ರಂದು ಯಲಹಂಕದ ಏರೋ ಇಂಡಿಯಾ ಪಾರ್ಕಿಂಗ್ ಬಯಲಿನಲ್ಲಿ ಸುಮಾರು 300 ಕಾರುಗಳು ಸುಟ್ಟವು. ಬಯಲಾದ್ದರಿಂದ ಹೊಗೆ ಆಕಾಶಕ್ಕೇರಿತು. 2010ರಲ್ಲಿ ಅದೇ ತಾರೀಖು, ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಒಳಗೆ ಹೊಗೆ ತುಂಬಿಕೊಂಡು 9 ಜೀವಗಳು ಹೋದವು.

ಹೀಗೆ ಹೊಗೆ ತುಂಬಿದ ಕಟ್ಟಡದೊಳಗೆ ಹೊತ್ತೊಯ್ದ ಸಿಲಿಂಡರಿನ ಗಾಳಿಯನ್ನೇ ಉಸಿರಾಡಬೇಕು. ಅದಕ್ಕೇ ಹೆಬ್ಬಾಳದ ಎತ್ತರದ ಕಟ್ಟಡಗಳ ತುರ್ತು ತಂಡ ಸೇರುವವರು ಮೊದಲು ಗಾಳಿಯ ಲೆಕ್ಕ ಕಲಿಯಬೇಕು. 300 ಬಾರ್ ಒತ್ತಡದಲ್ಲಿ 6.8 ಲೀಟರಿನ ಸಿಲಿಂಡರ್ ಹಿಡಿಯುವುದು ಸುಮಾರು 2,000 ಲೀಟರ್ ಗಾಳಿ (ಬರೀ ಆಮ್ಲಜನಕವಲ್ಲ). ನಿಮಿಷಕ್ಕೆ 40 ಲೀಟರಿನಂತೆ 50 ನಿಮಿಷ. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಅದು ಅರ್ಧಕ್ಕಿಳಿಯಬಹುದು!

ಗಡ್ಡವಿದ್ದರೆ ಮುಖವಾಡ ಬಿಗಿಯಾಗಿ ಕೂರದು. ತರಬೇತಿಗೂ ಬೋಳಿಸಿಕೊಂಡೇ ಬರಬೇಕು. ಒಳಗೆ ಒಬ್ಬರೇ ಹೋಗಕೂಡದು, ಜೋಡಿಯಾಗಿಯೇ ಹೋಗಬೇಕು. ಗಾಳಿ ಮುಗಿಯುತ್ತಿದೆಯೆಂಬ ಎಚ್ಚರಿಕೆಯ ಸೀಟಿ ಮೊಳಗುವ ಮೊದಲೇ ಇಬ್ಬರೂ ಹೊರಗಿರುವಂತೆ ಗೇಜ್ ನೋಡುತ್ತಲೇ ಹಿಂದಿರುಗುವುದನ್ನು ಅಭ್ಯಾಸ ಮಾಡಬೇಕು.