ಎಂಜಿನ್ನಿನ ಏರಿಳಿತ: ದೋಷನಿದಾನದ ಒಂದು ಪಾಠ

ಪುತ್ತೂರಿನ ದರ್ಬೆಯಿಂದ ಹೊರಟು, ಸುಳ್ಯ, ಸಂಪಾಜೆಗಳ ಮಾರ್ಗವಾಗಿ ಮಡಿಕೇರಿಯ ಘಟ್ಟವನ್ನೇರುವ ಕಾರೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚಾಲಕನ ಪಾದವು ಆಕ್ಸಿಲರೇಟರಿನ ಮೇಲೆ ಸ್ಥಿರವಾಗಿದ್ದರೂ ಎಂಜಿನ್ನಿನ ವೇಗವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಘಟ್ಟದ ತಿರುವಿನಲ್ಲಿ ಹೀಗಾದರೆ ಒದಗುವ ಅಪಾಯವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಈ ದೋಷದ ನಿದಾನಕ್ರಮವನ್ನು ಅರಿಯುವುದು ಅವಶ್ಯಕ.

ಕಾರ್ಬುರೇಟರಿನ ಕಾಲದಲ್ಲಿ ಪೆಟ್ರೋಲು, ಗಾಳಿಗಳ ಪ್ರಮಾಣವನ್ನು ಯಂತ್ರಭಾಗಗಳೇ ನಿರ್ಣಯಿಸುತ್ತಿದ್ದುವು. ಇಂದಿನ ಕಾರುಗಳಲ್ಲಿ ಆ ಕಾರ್ಯವು ಕಂಪ್ಯೂಟರಿನದು. ಅದಕ್ಕೆ ಇಂದ್ರಿಯಗಳಂತಿರುವವು ಸೆನ್ಸರುಗಳು. ಥ್ರಾಟಲ್ ಎಷ್ಟು ತೆರೆದಿದೆ, ಒಳಸೇರುವ ಗಾಳಿಯೆಷ್ಟು, ಎಂಜಿನ್ನಿನ ತಾಪವೆಷ್ಟು, ಹೊಗೆಯಲ್ಲಿ ಉಳಿದ ಆಮ್ಲಜನಕವೆಷ್ಟು ಎಂಬುದನ್ನು ಅವು ವಿದ್ಯುತ್ತಿನ ಮೂಲಕ ನಿವೇದಿಸುತ್ತವೆ. ಈ ನಿವೇದನೆಯು ತಡವರಿಸಿದರೆ ಕಂಪ್ಯೂಟರು ಪೆಟ್ರೋಲನ್ನು ಒಮ್ಮೆ ಹೆಚ್ಚಿಸಿ ಒಮ್ಮೆ ತಗ್ಗಿಸುತ್ತದೆ. ಏರಿಳಿತಕ್ಕೆ ಇದೊಂದು ಮುಖ್ಯ ಕಾರಣ.

ದೋಷವುಂಟಾದಾಗ ಕಂಪ್ಯೂಟರು ಒಂದು ಸಂಕೇತವನ್ನು ದಾಖಲಿಸುವುದುಂಟು. ಪಿ 0122 ಎಂಬ ಸಂಕೇತವು, ಥ್ರಾಟಲ್ ಸೆನ್ಸರಿನ ವಿದ್ಯುನ್ಮಂಡಲದಲ್ಲಿ ವೋಲ್ಟೇಜು ತಗ್ಗಿದೆಯೆಂದು ಹೇಳುವುದೇ ಹೊರತು ಸೆನ್ಸರೇ ಕೆಟ್ಟಿದೆಯೆಂದು ಹೇಳುವುದಿಲ್ಲ. ತಂತಿ ತುಂಡಾಗಿದ್ದರೂ ಅದೇ ಸಂಕೇತ ಬರಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರಸಮ್ಮತ. ಆದರೆ ಘಟ್ಟದ ಮಂಜನ್ನೇ ಹೊಗೆಯೆಂದು ಬಗೆದವನ ಅನುಮಾನವು ಹುಸಿಯಾಗುತ್ತದೆ.

ಆದ್ದರಿಂದ ಮೊದಲು ಕಣ್ಣಿನ ಪರೀಕ್ಷೆ. ಕರಾವಳಿಯ ಮಳೆಗೆ ಕನೆಕ್ಟರಿನಲ್ಲಿ ಕಿಲುಬು ಹಿಡಿದಿದೆಯೆ, ಇಲಿ ತಂತಿಯನ್ನು ಕಡಿದಿದೆಯೆ, ಅರ್ಥ್ ತಂತಿ ಸಡಿಲವಾಗಿದೆಯೆ, ಗಾಳಿಯ ಕೊಳವೆ ಬಿರಿದಿದೆಯೆ ಎಂದು ನೋಡಬೇಕು. ಎರಡನೆಯದಾಗಿ, ನಿಂತ ಕಾರಿನ ಎಂಜಿನ್ ನಡೆಯುತ್ತಿರುವಾಗ, ಫ್ಯಾನು ಬೆಲ್ಟುಗಳಿಂದ ಕೈಯನ್ನು ದೂರವಿರಿಸಿ, ತಂತಿಗಳನ್ನು ಮೆಲ್ಲನೆ ಅಲುಗಿಸಬೇಕು. ಎಂಜಿನ್ನಿನ ಶ್ರುತಿ ಬದಲಾದರೆ ದೋಷದ ನೆಲೆ ಅಲ್ಲಿಯೇ. ಮೂರನೆಯದು ಮಲ್ಟಿಮೀಟರಿನ ಪರೀಕ್ಷೆ. ಎಂಜಿನ್ ನಿಲ್ಲಿಸಿ ಇಗ್ನಿಷನ್ ಕೀಲಿಯನ್ನು ಮಾತ್ರ ತಿರುಗಿಸಿದಾಗ ಸೆನ್ಸರಿಗೆ ಸಾಮಾನ್ಯವಾಗಿ 5 ವೋಲ್ಟ್ ತಲುಪಬೇಕು, ಅರ್ಥ್ ಸರಿಯಾಗಿರಬೇಕು. ಥ್ರಾಟಲನ್ನು ನಿಧಾನವಾಗಿ ತೆರೆದಂತೆ, ಅನೇಕ ಕಾರುಗಳಲ್ಲಿ, ಅದರ ಸೂಚನೆಯು ಸುಮಾರು 0.5ರಿಂದ 4.5 ವೋಲ್ಟಿನವರೆಗೆ ಅವಿಚ್ಛಿನ್ನವಾಗಿ ಏರಬೇಕು. ನಡುವೆ ತಟ್ಟನೆ ಕುಸಿದರೆ ಸೆನ್ಸರು ದೋಷಿ. ಸೆನ್ಸರಿನ ಬಳಿ ಸರಿಯಾಗಿದ್ದ ಸೂಚನೆಯು ಕಂಪ್ಯೂಟರಿನ ಬಳಿ ಕೆಟ್ಟಿದ್ದರೆ ನಡುವಣ ತಂತಿಯೇ ದೋಷಿ.

ಈ ಕ್ರಮವನ್ನು ಬಿಟ್ಟು ಸಂಕೇತವನ್ನು ಓದಿದೊಡನೆ ಹೊಸ ಸೆನ್ಸರನ್ನು ಜೋಡಿಸಿದರೆ, ಬಾಡಿಗೆ ಕಾರಿನವನ ದುಡಿಮೆ ವ್ಯರ್ಥವಾಗುತ್ತದೆ. ಮರುದಿನ ಅದೇ ದೋಷ ಅದೇ ಘಟ್ಟದಲ್ಲಿ ಮರುಕಳಿಸುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ವೋಲ್ಟ್‌ಮೀಟರು ಹಿಡಿಯಲು ಕಲಿತ ಬಾಲಕನು ಮುಂದೆ ಗ್ಯಾರೇಜಿನಲ್ಲಿ ನಿಂತಾಗ, ಅಳೆಯದೆ ತೀರ್ಪು ಕೊಡಬಾರದೆಂಬುದನ್ನು ನೆನಪಿಟ್ಟರೆ ಆ ಪಾಠವು ಸಾರ್ಥಕ.