ಕಾರಿನಲ್ಲಿ ಮಂದ್ರನಾದ: ಮನೆಯಲ್ಲಿ ಕಟ್ಟುವ ಸಬ್‌ವೂಫರ್

ಮುಂಬಯಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 980 ಕಿಲೋಮೀಟರ್ ದೂರ. ಬೇಸಿಗೆಯ ರಜೆಯಲ್ಲೋ ಹಬ್ಬದ ದಿನಗಳಲ್ಲೋ ಕಾರಿನಲ್ಲಿಯೇ ಊರಿಗೆ ಹೊರಡುವ ಕುಟುಂಬಗಳಿಗೆ ದಾರಿಯುದ್ದಕ್ಕೂ ಸಂಗೀತವೇ ಸಂಗಾತಿ. ಆದರೆ ಮನೆಯಲ್ಲಿ ತುಂಬಿ ಕೇಳಿಸುವ ಮೃದಂಗದ ಎಡಭಾಗದ ನಾದ, ಡೊಳ್ಳಿನ ಗಂಭೀರ ಧ್ವನಿ ಕಾರು ಓಡತೊಡಗಿದೊಡನೆ ಅಡಗಿಹೋಗುತ್ತವೆ. ಈ ಕೊರತೆಯನ್ನು ನೀಗಲೆಂದು ಸಬ್‌ವೂಫರ್ ಎಂಬ ವಿಶೇಷ ಸ್ಪೀಕರನ್ನು ಸ್ವಂತ ಕೈಯಿಂದ ಜೋಡಿಸಿಕೊಳ್ಳುವ ಹವ್ಯಾಸ ಮಹಾನಗರಗಳ ತರುಣರಲ್ಲಿ ಬೆಳೆದಿದೆ. ವಿಧಿವತ್ತಾಗಿ ಕಟ್ಟಿದ ಸಬ್‌ವೂಫರ್ ಸಂಗೀತಕ್ಕೆ ಮೆರುಗು ಕೊಡುತ್ತದೆ. ಅಜಾಗರೂಕತೆಯಿಂದ ಕಟ್ಟಿದ್ದು ಕಾರಿಗೆ ಬೆಂಕಿಯನ್ನೂ ಕಿವಿಗೆ ಶಾಶ್ವತ ಹಾನಿಯನ್ನೂ ತರಬಲ್ಲದು.

ಮಂದ್ರಸ್ವರ ಅಡಗುವುದೇಕೆ?

ಮಾನವನ ಕಿವಿ ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳನ್ನು, ಅಂದರೆ 20ರಿಂದ 20,000 ಹರ್ಟ್ಸ್ ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಆದರೆ ಎಲ್ಲ ಸ್ವರಗಳನ್ನೂ ಅದು ಸಮನಾಗಿ ಗ್ರಹಿಸುವುದಿಲ್ಲ. ಧ್ವನಿ ಮೆಲ್ಲಗಿದ್ದಾಗ ಕಿವಿಯು ಮಂದ್ರಸ್ವರಗಳಿಗೆ ವಿಶೇಷವಾಗಿ ಮಂದವಾಗುತ್ತದೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದರು. ಇದರ ಜೊತೆಗೆ ಚಕ್ರ ಹಾಗೂ ಎಂಜಿನ್ನಿನ ಸದ್ದೂ ಬಹುಪಾಲು ಮಂದ್ರದಲ್ಲಿಯೇ ಇರುವುದರಿಂದ ಸಂಗೀತದ ಆ ಭಾಗ ಅದರಲ್ಲಿ ಮುಳುಗುತ್ತದೆ. ಪ್ರಯಾಣಿಕನು ಅದನ್ನು ಕೇಳಲೆಂದು ಒಟ್ಟು ಧ್ವನಿಯನ್ನೇ ಏರಿಸುತ್ತಾನೆ. ಆಗ ಮಧ್ಯ ಮತ್ತು ತಾರ ಸ್ವರಗಳು ಅನಾವಶ್ಯಕವಾಗಿ ಕಿವಿಯನ್ನು ಬಡಿಯುತ್ತವೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಸಬ್‌ವೂಫರ್ ಇದ್ದಲ್ಲಿ ಒಟ್ಟು ಧ್ವನಿಯನ್ನು ತಗ್ಗಿಸಿಯೂ ಸಂಗೀತವನ್ನು ಪೂರ್ಣವಾಗಿ ಸವಿಯಬಹುದು. ಈ ಉಪಕರಣದ ನಿಜವಾದ ಪ್ರಯೋಜನ ಇದೇ.

ಪೆಟ್ಟಿಗೆಯ ಮಹತ್ವ

ಸ್ಪೀಕರಿನ ಶಂಕುವು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ವಿರಳವಾಗುತ್ತದೆ. ಇವೆರಡು ಅಲೆಗಳು ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯಿಲ್ಲದ ಸ್ಪೀಕರಿನಿಂದ ಮಂದ್ರನಾದ ಹೊರಡದಿರುವುದು ಈ ಕಾರಣದಿಂದಲೇ. ಹಿಂಬದಿಯ ಅಲೆಯನ್ನು ಗಾಳಿ ಹೊರಹೋಗದ ಪೆಟ್ಟಿಗೆಯಲ್ಲಿ ಬಂಧಿಸುವ ವಿಧಾನವನ್ನು 1950ರ ದಶಕದಲ್ಲಿ ಎಡ್ಗರ್ ವಿಲ್‌ಚರ್ ಎಂಬಾತನು ಜನಪ್ರಿಯಗೊಳಿಸಿದನು. ರಂಧ್ರವುಳ್ಳ ಪೆಟ್ಟಿಗೆಗಳೂ ಉಂಟು. ಅವು ಹೆಚ್ಚು ಸದ್ದು ಮಾಡುತ್ತವಾದರೂ ಲೆಕ್ಕಾಚಾರ ತಪ್ಪಿದರೆ ಗುಂಯ್‌ಗುಡುತ್ತವೆ. ಮೊದಲ ಬಾರಿಗೆ ಕೈಹಾಕುವವರಿಗೆ ಮುಚ್ಚಿದ ಪೆಟ್ಟಿಗೆಯೇ ಲೇಸು. ಕಾರಿನ ಒಳಾಂಗಣ ಕಿರಿದಾಗಿರುವುದರಿಂದ ಅತಿ ಮಂದ್ರಸ್ವರಗಳು ತಾವಾಗಿಯೇ ಬಲಗೊಳ್ಳುತ್ತವೆ. ಮುಚ್ಚಿದ ಪೆಟ್ಟಿಗೆಗೆ ಇದೊಂದು ಅನುಕೂಲ.

ಪೆಟ್ಟಿಗೆಯ ಗಾತ್ರವನ್ನು ಸ್ಪೀಕರಿನೊಡನೆ ಬರುವ ವಿವರಪತ್ರವನ್ನು ನೋಡಿಯೇ ನಿಶ್ಚಯಿಸಬೇಕು. 12 ಅಂಗುಲದ ಸ್ಪೀಕರಿಗೆ ಸಾಮಾನ್ಯವಾಗಿ 30 ಲೀಟರಿನ ಆಸುಪಾಸು ಸಾಕಾಗುತ್ತದೆ. ಒಳಅಳತೆ 40 ಸೆಂಟಿಮೀಟರ್ ಅಗಲ, 32 ಎತ್ತರ, 25 ಆಳ ಇದ್ದರೆ ಗುಣಲಬ್ಧ 32,000 ಘನ ಸೆಂಟಿಮೀಟರ್, ಅಂದರೆ 32 ಲೀಟರ್. ಸ್ಪೀಕರಿನ ಒಡಲು ಆಕ್ರಮಿಸುವ ಎರಡು ಮೂರು ಲೀಟರುಗಳನ್ನು ಕಳೆದರೆ ಬೇಕಾದಷ್ಟು ಉಳಿಯುತ್ತದೆ. 18 ಮಿಲಿಮೀಟರ್ ದಪ್ಪದ ಎಂ.ಡಿ.ಎಫ್. ಅಥವಾ ಪ್ಲೈವುಡ್ ಹಲಗೆಯನ್ನು ಹೀಗೆ ಕತ್ತರಿಸಬೇಕು: ಮುಂಬದಿ ಹಿಂಬದಿಗಳಿಗೆ 43.6 × 35.6 ಸೆಂಟಿಮೀಟರಿನ ಎರಡು, ಮೇಲೆ ಕೆಳಗೆ 43.6 × 25ರ ಎರಡು, ಪಕ್ಕಗಳಿಗೆ 32 × 25ರ ಎರಡು. ಗೋಂದು ಮತ್ತು ಸ್ಕ್ರೂಗಳಿಂದ ಬಿಗಿದು, ಒಳಗಿನ ಸಂದುಗಳಿಗೆಲ್ಲ ಸಿಲಿಕೋನ್ ಬಳಿದು, ಒಂದು ದಿನ ಒಣಗಲು ಬಿಡಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಸೀಟಿಯಂತೆ ಸದ್ದು ಮಾಡುವುದು.

ವಿದ್ಯುತ್ತಿನ ಲೆಕ್ಕ

ಬೆಂಕಿಯ ಭಯವಿರುವುದು ಈ ಭಾಗದಲ್ಲಿ. 300 ವಾಟ್ ಕೊಡುವ ಡಿ ದರ್ಜೆಯ ಆಂಪ್ಲಿಫೈಯರಿನ ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ ಅದು ಬ್ಯಾಟರಿಯಿಂದ 375 ವಾಟ್ ಸೆಳೆಯುತ್ತದೆ. ಎಂಜಿನ್ ಓಡುವಾಗ ಕಾರಿನ ವಿದ್ಯುತ್ ಒತ್ತಡ ಸುಮಾರು 13.8 ವೋಲ್ಟ್, ಭಾಗಿಸಿದರೆ ಪ್ರವಾಹ 27 ಆಂಪಿಯರ್. ಇಷ್ಟು ಪ್ರವಾಹ ಬಾನೆಟ್ಟಿನಿಂದ ಡಿಕ್ಕಿಯವರೆಗೆ 5 ಮೀಟರ್ ಹರಿಯಬೇಕು. ಮನೆಯ ವೈರಿಂಗಿನಲ್ಲಿ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹಾಕಿದರೆ ದಾರಿಯಲ್ಲಿಯೇ ಹತ್ತಿರಹತ್ತಿರ 1 ವೋಲ್ಟ್ ನಷ್ಟವಾಗಿ, 25 ವಾಟ್ ಶಾಖ ನೆಲಹಾಸಿನ ಕೆಳಗೆ ಹುಟ್ಟುತ್ತದೆ. 10 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಕಾಲು ವೋಲ್ಟಿಗಿಂತಲೂ ಕಡಿಮೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್ ಮುಂತಾದೆಡೆ ಕೊಳ್ಳುವಾಗ ಶುದ್ಧ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ಅದರ ರೋಧ ಸುಮಾರು ಒಂದೂವರೆ ಪಟ್ಟು. ತುದಿಯನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ತವರದ ಲೇಪವಿದ್ದಲ್ಲಿ ಮಾತ್ರ ಇನ್ನೂ ಸ್ವಲ್ಪ ಕೆರೆದು ನೋಡಬೇಕು.

ತಂತಿ ಎಳೆಯುವ ಕ್ರಮ

1. ಮೊದಲು ಬ್ಯಾಟರಿಯ ಮೈನಸ್ ತುದಿಯನ್ನು ಕಳಚಬೇಕು. ಅದನ್ನು ಮರಳಿ ಜೋಡಿಸುವುದು ಎಲ್ಲಕ್ಕಿಂತ ಕೊನೆಯಲ್ಲಿ.

2. ಬ್ಯಾಟರಿಯ ಪ್ಲಸ್ ತುದಿಯಿಂದ 45 ಸೆಂಟಿಮೀಟರಿನೊಳಗೆ 40 ಆಂಪಿಯರಿನ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರಿನಲ್ಲಿಯೇ ಫ್ಯೂಸ್ ಇದೆಯಲ್ಲ ಎಂದು ಇದನ್ನು ಬಿಡುವುದು ದೊಡ್ಡ ಪ್ರಮಾದ. ಆ ಫ್ಯೂಸ್ ಆಂಪ್ಲಿಫೈಯರನ್ನು ರಕ್ಷಿಸುತ್ತದೆ. ಈ ಫ್ಯೂಸ್ ತಂತಿಯನ್ನು ರಕ್ಷಿಸುತ್ತದೆ. ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಗುಲಿದರೆ ಬ್ಯಾಟರಿಯು ನೂರಾರು ಆಂಪಿಯರ್ ಸುರಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಹೊದಿಕೆ ಉರಿಯತೊಡಗುತ್ತದೆ.

3. ಎಂಜಿನ್ ಭಾಗದಿಂದ ಒಳಕ್ಕೆ ತಂತಿ ಹಾಯುವ ತೂತಿಗೆ ರಬ್ಬರ್ ಗ್ರೋಮೆಟ್ ಹಾಕಬೇಕು. ಹೊದಿಕೆ ಸವೆಯುವುದು ಹೆಚ್ಚಾಗಿ ಅಲ್ಲಿಯೇ.

4. ಮೈನಸ್ ತಂತಿಯೂ ಅಷ್ಟೇ ದಪ್ಪವಾಗಿರಬೇಕು, ಅರ್ಧ ಮೀಟರಿಗಿಂತ ಗಿಡ್ಡವಿರಬೇಕು. ಬಣ್ಣವನ್ನು ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕಾಗಿ ಎಂದಿಗೂ ಸಡಿಲಿಸಬಾರದು.

5. ಸಂಗೀತದ ಸಂಕೇತ ಒಯ್ಯುವ ತಂತಿಯನ್ನು ಕಾರಿನ ಮತ್ತೊಂದು ಪಕ್ಕದಿಂದ ಎಳೆಯಬೇಕು. ಎರಡೂ ಜೊತೆಯಾಗಿ ಹೋದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕೀರಲು ಸದ್ದು ಕೇಳಿಬರಬಹುದು.

6. ಹಿಂದಿನ ಸೀಟಿನ ಕೆಳಗೆ ಅನೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಮುಂಬಯಿ, ದೆಹಲಿಗಳಲ್ಲಿ ಸಿ.ಎನ್.ಜಿ. ಸಿಲಿಂಡರ್ ಡಿಕ್ಕಿಯಲ್ಲಿದ್ದು ಅನಿಲದ ಕೊಳವೆ ಕೆಳಗೆ ಹಾಯುವುದುಂಟು. ನೆಲದ ಅಡಿಯನ್ನು ಕಣ್ಣಾರೆ ನೋಡದೆ ಡ್ರಿಲ್ ಹಚ್ಚಬಾರದು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಂತಕ ಒತ್ತಡವಿರುತ್ತದೆ. ಅವುಗಳ ಗೊಡವೆಗೇ ಹೋಗಬಾರದು.

7. ಸ್ಪೀಕರ್ ಸಹಿತ ಪೆಟ್ಟಿಗೆಯ ತೂಕ ಸುಮಾರು 15 ಕಿಲೋ. ಬಿಗಿದು ಕಟ್ಟದಿದ್ದಲ್ಲಿ ಹಠಾತ್ತನೆ ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿನವರ ಮೇಲೆರಗೀತು.

ಸ್ಪೀಕರನ್ನು ಜೋಡಿಸುವಾಗ ಅದರ ರೋಧವನ್ನು ಗಮನಿಸಬೇಕು. 4 ಓಮಿನ ಎರಡು ಸುರುಳಿಗಳನ್ನು ಸಮಾಂತರವಾಗಿ ಕಟ್ಟಿದರೆ 2 ಓಮ್, ಸರಣಿಯಾಗಿ ಕಟ್ಟಿದರೆ 8 ಓಮ್. ಕನಿಷ್ಠ 4 ಓಮಿಗೆ ನಿರ್ಮಿತವಾದ ಆಂಪ್ಲಿಫೈಯರಿಗೆ 2 ಓಮಿನ ಹೊರೆ ಹೊರಿಸಿದರೆ ಅದು ಕಾದು ಕೆಡುತ್ತದೆ.

ಹದಗೊಳಿಸುವಿಕೆ

ಆಂಪ್ಲಿಫೈಯರಿನ ಗೇನ್ ಗುಂಡಿಯನ್ನು ಧ್ವನಿಯ ಗುಂಡಿಯೆಂದು ಅನೇಕರು ತಪ್ಪು ತಿಳಿಯುತ್ತಾರೆ. ಸ್ಟೀರಿಯೋದ ಸಂಕೇತಕ್ಕೂ ಆಂಪ್ಲಿಫೈಯರಿನ ಶಕ್ತಿಗೂ ಹೊಂದಿಕೆ ತರುವುದು ಅದರ ಕೆಲಸ. ಅತಿಯಾಗಿ ಏರಿಸಿದರೆ ಅಲೆಯ ತುದಿಗಳು ಕತ್ತರಿಸಿದಂತಾಗಿ ಸ್ಪೀಕರಿನ ಸುರುಳಿ ಸುಡಬಹುದು. 300 ವಾಟ್ ಮತ್ತು 4 ಓಮುಗಳನ್ನು ಗುಣಿಸಿ ವರ್ಗಮೂಲ ತೆಗೆದರೆ 34.6 ವೋಲ್ಟ್ ಬರುತ್ತದೆ. ಸ್ಪೀಕರನ್ನು ಕಳಚಿ, ಸ್ಟೀರಿಯೋದ ಧ್ವನಿಯನ್ನು ಮುಕ್ಕಾಲಿಗಿಟ್ಟು, 50 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸಿ, ಮಲ್ಟಿಮೀಟರಿನಲ್ಲಿ ಎ.ಸಿ. ಒತ್ತಡ 34 ವೋಲ್ಟ್ ತೋರಿಸುವವರೆಗೆ ಮಾತ್ರ ಗುಂಡಿಯನ್ನು ತಿರುಗಿಸಬೇಕು. ಕೊನೆಗೆ ಸ್ವರ ಸೋಸುವ ಫಿಲ್ಟರನ್ನು 80 ಹರ್ಟ್ಸ್‌ಗೆ ನಿಲ್ಲಿಸಬೇಕು. ಎಂಜಿನ್ ನಿಲ್ಲಿಸಿ ಬಹುಕಾಲ ನುಡಿಸಿದರೆ 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಬರಿದಾಗಿ, ಘಟ್ಟದ ನಡುವೆ ಕಾರು ನಿಂತುಹೋದೀತು.

ಕಿವಿಯ ಆರೋಗ್ಯ

ಒಳಗಿವಿಯ ಶಂಖದಂಥ ಭಾಗದಲ್ಲಿ ಧ್ವನಿಯನ್ನು ನರಸಂಕೇತವಾಗಿಸುವ ಸೂಕ್ಷ್ಮ ರೋಮಕೋಶಗಳಿವೆ. ಮನುಷ್ಯನಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಧ್ವನಿಯನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ಅಮೆರಿಕದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಸಲಹೆ ಮಾಡಿದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಮೊಬೈಲ್ ಫೋನಿನಲ್ಲಿ ಧ್ವನಿಯನ್ನು ಅಳೆಯುವವರು ಒಂದು ಮಾತನ್ನು ನೆನಪಿಡಬೇಕು. ಕಿವಿಯ ಗುಣಕ್ಕೆ ಹೊಂದಿಸಿದ ಸಾಮಾನ್ಯ ಮಾಪನಕ್ರಮವು 50 ಹರ್ಟ್ಸ್‌ನ ಧ್ವನಿಯನ್ನು ಸುಮಾರು 30 ಡೆಸಿಬೆಲ್ ಕಡಿಮೆ ಎಣಿಸುತ್ತದೆ. ಆದುದರಿಂದ ಸಬ್‌ವೂಫರಿನ ನಿಜವಾದ ಒತ್ತಡ ಆ ಅಂಕಿಯಲ್ಲಿ ಕಾಣುವುದಿಲ್ಲ.

ಕಾರಿನಿಂದಿಳಿದ ಮೇಲೆ ಕಿವಿಯಲ್ಲಿ ಗುಂಯ್ ಎಂದರೆ, ಮಾತು ಮಂದವಾಗಿ ಕೇಳಿದರೆ, ಧ್ವನಿ ಮಿತಿ ಮೀರಿತ್ತೆಂದೇ ತಿಳಿಯಬೇಕು. ಈ ಲಕ್ಷಣ ಮರುದಿನವೂ ಉಳಿದರೆ ಕಿವಿಯ ವೈದ್ಯರನ್ನು ಕಾಣುವುದು ಅಗತ್ಯ. ಜೋರಾದ ಮಂದ್ರನಾದವು ಮೇಲಿನ ಸ್ವರಗಳನ್ನೂ ಮರೆಮಾಚುವುದರಿಂದ ಆಂಬುಲೆನ್ಸಿನ ಸದ್ದು ಚಾಲಕನಿಗೆ ಕೇಳಿಸದೆ ಹೋಗಬಹುದು. ಪೇಸ್‌ಮೇಕರ್ ಉಳ್ಳವರು ಸ್ಪೀಕರಿನ ದೊಡ್ಡ ಅಯಸ್ಕಾಂತವನ್ನು ಎದೆಗೊತ್ತಿ ಎತ್ತಬಾರದು. ನೆರೆಹೊರೆಯವರ ನಿದ್ದೆಯೂ ಗಣನೆಗೆ ಬರಬೇಕು. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್. ಮಂದ್ರದ ಅಲೆಗಳು ಗೋಡೆಗಳನ್ನು ಸುಲಭವಾಗಿ ದಾಟುತ್ತವಾದ್ದರಿಂದ ಕಟ್ಟಡದ ಆವರಣದಲ್ಲಿ ಸಬ್‌ವೂಫರನ್ನು ನಿಲ್ಲಿಸಿಬಿಡುವುದೇ ಸೌಜನ್ಯ.

ಕೆಲಸ ಮುಗಿದ ಬಳಿಕ ಅದು ಸರಿಯಾಗಿದೆಯೇ ಎಂಬುದನ್ನು ಎರಡು ಬಗೆಯಲ್ಲಿ ಪರೀಕ್ಷಿಸಬಹುದು. ಅರ್ಧ ಗಂಟೆ ನುಡಿಸಿ ತಂತಿ, ಫ್ಯೂಸ್, ಜೋಡಣೆಗಳನ್ನು ಮುಟ್ಟಿ ನೋಡಿದರೆ ಅವು ಬಿಸಿಯಾಗಿರಕೂಡದು. ಹಾಗೆಯೇ, ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿ ಮೊಮ್ಮಕ್ಕಳೊಡನೆ ದನಿಯೇರಿಸದೆ ಮಾತಾಡಲು ಸಾಧ್ಯವಾಗುತ್ತಿರುವಾಗಲೇ ಮೃದಂಗದ ಎಡಭಾಗದ ನಾದವೂ ಸ್ಪಷ್ಟವಾಗಿ ಕೇಳಬೇಕು. ಇವೆರಡೂ ನೆರವೇರಿದರೆ ಪಟ್ಟ ಶ್ರಮ ಸಾರ್ಥಕ.