ಕೇಳಿ, ಬರೆದಿಡಿ

ಇಂಡಿ ಸೀಮೆಯ ‘ಹಲಸಂಗಿಯ ಗೆಳೆಯರು’ ಎಂಬ ಬಳಗಕ್ಕೆ ಒಂದು ಒಳ್ಳೆಯ ರೂಢಿ ಇತ್ತು: ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ಬರೆದಿಡುವುದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರು ಹೀಗೆ ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ತ್ರಿಪದಿಗಳೇ 1931ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾದವು. ಓದು ಬಾರದ ತಾಯಂದಿರನ್ನೂ ಅವರು ಗುರುಗಳೆಂದೇ ಕಂಡರು. ಅವರ ದೊಡ್ಡತನ ಇರುವುದು ಇಲ್ಲಿಯೇ.

ಈಗ ಹಿಟ್ಟು ಗಿರಣಿಯಿಂದ ಬರುತ್ತದೆ. ಹೆಣ್ಣುಮಕ್ಕಳು ಬೀಸುತ್ತ ಇಂಥ ತ್ರಿಪದಿಗಳನ್ನು ಹಾಡುತ್ತಿದ್ದ ಬೀಸುಕಲ್ಲಿನ ಹಾಡು ಅಪರೂಪ.

ಆದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಹಿರಿಯರಿದ್ದಾರೆ. ಸೋಬಾನೆ, ಹಿಂಗಾರಿ ಜೋಳದ ಬಿತ್ತನೆ, ಬರಗಾಲದ ನೆನಪು ಅವರಲ್ಲಿವೆ. ಅವರೊಡನೆ ಕೂತರೆ ಕೇಳುವವರ ಮನಸ್ಸಿಗೂ ನೆಮ್ಮದಿ, ಹೇಳುವವರ ಒಂಟಿತನಕ್ಕೂ ಮದ್ದು. ಇವತ್ತು ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು, ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಹತ್ತಿರ ಕೂಡಿರಿ.